ಅಸ್ಥಿಮಜ್ಜೆ ಕಸಿ: ಊರಿಗೆ ಮರಳಿದ ಮೇಲೆ ಶುರುವಾಗುವ ಎಣಿಕೆ

ಮುರುಮ: ರಕ್ತದ ಕ್ಯಾನ್ಸರ್, ಥಲಸ್ಸೇಮಿಯಾ, ಅಪ್ಲಾಸ್ಟಿಕ್ ಅನೀಮಿಯಾದಂಥ ಕಾಯಿಲೆಗಳಿಗೆ ಬೋನ್ ಮ್ಯಾರೋ ಕಸಿ ಮಾಡಿಸಿಕೊಂಡವರು ಆಸ್ಪತ್ರೆಯಿಂದ ಹೊರಬಂದ ದಿನವೇ ಊರವರು 'ಗುಣವಾಯಿತು' ಎಂದುಬಿಡುತ್ತಾರೆ. ವೈದ್ಯರು ಹಾಗೆನ್ನುವುದಿಲ್ಲ. ಅವರ ಲೆಕ್ಕದಲ್ಲಿ ಕಸಿಯಾದ ದಿನ ಸೊನ್ನೆ. ಅಲ್ಲಿಂದ 30ನೇ ದಿನ, 100ನೇ ದಿನ, ಒಂದು ವರ್ಷ, ಎರಡು ವರ್ಷ ಎಂದು ಎಣಿಕೆ ಸಾಗುತ್ತದೆ. ಉಮರ್ಗಾ, ನಿಲಂಗಾ, ಉದಗೀರ ಭಾಗದ ರೋಗಿಗಳು ಈ ಚಿಕಿತ್ಸೆಗೆ ನವಿ ಮುಂಬೈ, ಪುಣೆ, ಹೈದರಾಬಾದ್, ಬೆಂಗಳೂರು ಅಥವಾ ವೆಲ್ಲೂರಿಗೆ ಹೋಗುತ್ತಾರೆ. ಹಾಗಾಗಿ ಈ ಎಣಿಕೆಯ ಬಹುಭಾಗ ಕಳೆಯುವುದು ಊರಿನ ಮನೆಯಲ್ಲೇ.

ಕಸಿ ಎಂದರೆ ಕತ್ತರಿ ಹಿಡಿದು ಮಾಡುವ ಆಪರೇಷನ್ ಅಲ್ಲ. ಮೊದಲು ಬಲವಾದ ಔಷಧಿಯಿಂದ, ಕೆಲವೊಮ್ಮೆ ವಿಕಿರಣದಿಂದ, ರೋಗಿಯ ಹಳೆಯ ಮಜ್ಜೆಯನ್ನು ತೆಗೆದುಹಾಕುತ್ತಾರೆ. ಆಮೇಲೆ ದಾನಿಯ ಆಕರ ಕೋಶಗಳನ್ನು, ಅಂದರೆ ಸ್ಟೆಮ್ ಸೆಲ್‌ಗಳನ್ನು, ರಕ್ತ ಏರಿಸಿದಂತೆಯೇ ನರಕ್ಕೆ ಏರಿಸುತ್ತಾರೆ. ಅವು ತಾವಾಗಿಯೇ ಮೂಳೆಯೊಳಗೆ ಸೇರಿ ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರದಲ್ಲಿ ಹೊಸ ರಕ್ತ ತಯಾರಿಸತೊಡಗುತ್ತವೆ. ಮಯಲೋಮಾದಂಥ ಕಾಯಿಲೆಯಲ್ಲಿ ರೋಗಿಯದೇ ಕೋಶ ಸಾಕು. ಬೇರೆಯವರಿಂದ ಪಡೆದಾಗಲೇ ಹೆಚ್ಚಿನ ತೊಡಕು. ಈ ಲೇಖನ ಮುಖ್ಯವಾಗಿ ಅಂಥವರ ಬಗ್ಗೆ.

ಅಮೆರಿಕದ ಡಾ. ಡೊನಾಲ್ ಥಾಮಸ್ 1957ರಲ್ಲಿ ಈ ಪ್ರಯತ್ನದ ಮೊದಲ ವರದಿ ಪ್ರಕಟಿಸಿದರು, 1990ರಲ್ಲಿ ಅವರಿಗೆ ನೊಬೆಲ್ ಬಂತು. ನಮ್ಮ ದೇಶದಲ್ಲಿ ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆ 1983ರಲ್ಲಿ, ವೆಲ್ಲೂರಿನ ಸಿಎಂಸಿ 1986ರಲ್ಲಿ ಈ ಕೆಲಸ ಆರಂಭಿಸಿದವು. ಟಾಟಾ ಸಂಸ್ಥೆಯ ಕಸಿ ಘಟಕ ಈಗ ಖಾರ್ಘರ್‌ನ ಆಕ್ಟ್ರೆಕ್ ಆವರಣದಲ್ಲಿದೆ.

ಸಂಶೋಧನೆ ಏನು ಹೇಳುತ್ತದೆ?

ಸಿಯಾಟಲ್‌ನ ಫ್ರೆಡ್ ಹಚಿನ್ಸನ್ ಕೇಂದ್ರದವರು 1993-97ರ ರೋಗಿಗಳನ್ನು 2003-07ರವರೊಂದಿಗೆ ಹೋಲಿಸಿ 2010ರಲ್ಲಿ ವರದಿ ಮಾಡಿದರು. ಸಾವಿನ ಅಪಾಯ ಒಟ್ಟಾರೆ ನೂರಕ್ಕೆ 41ರಷ್ಟು ಇಳಿದಿತ್ತು. ಸೋಂಕು, ಯಕೃತ್ತಿನ ತೊಂದರೆ ಮತ್ತು ದಾನಿಯ ಕೋಶಗಳು ರೋಗಿಯ ದೇಹದ ಮೇಲೇ ತಿರುಗಿಬೀಳುವ ಜಿವಿಹೆಚ್‌ಡಿ ಎಂಬ ತೊಂದರೆ, ಇವು ಕಡಿಮೆಯಾಗಿದ್ದವು. ನಮಗೆ ಹತ್ತಿರದ ಉದಾಹರಣೆ ವೆಲ್ಲೂರಿನದು. ಥಲಸ್ಸೇಮಿಯಾದ ಅತಿ ಅಪಾಯದ ಗುಂಪಿನ ಮಕ್ಕಳಲ್ಲಿ ಟ್ರಿಯೊಸಲ್ಫಾನ್ ಎಂಬ ಔಷಧಿ ಬಳಸಿದ ಮೇಲೆ ಮೂರು ವರ್ಷ ಬದುಕುಳಿಯುವವರ ಪ್ರಮಾಣ ಸುಮಾರು 40ರಿಂದ 85ರ ಆಚೆಗೆ ಏರಿತೆಂದು ಅಲ್ಲಿನ ವೈದ್ಯರು 2013ರಲ್ಲಿ ಪ್ರಕಟಿಸಿದ್ದಾರೆ.

2011ರ ಇನ್ನೊಂದು ದೊಡ್ಡ ಅಧ್ಯಯನ 10,632 ಜನರನ್ನು ಗಮನಿಸಿತು. ಕಸಿಯಾಗಿ ಎರಡು ವರ್ಷ ಕಾಯಿಲೆ ಮರುಕಳಿಸದೆ ಬದುಕಿದ್ದವರಲ್ಲಿ ನೂರಕ್ಕೆ 85 ಮಂದಿ ಹತ್ತನೇ ವರ್ಷದಲ್ಲೂ ಬದುಕಿರುವ ಸಾಧ್ಯತೆ ಕಂಡುಬಂತು. ಎರಡು ವರ್ಷ ದಾಟುವುದೇ ದೊಡ್ಡ ಹೊಳೆ ದಾಟಿದಂತೆ ಎನ್ನುವುದು ಇದಕ್ಕೇ.

ಮನೆಯಲ್ಲಿ ಏನಾಗಬೇಕು?

ಮೊದಲ ನೂರು ದಿನ ಕಸಿ ಕೇಂದ್ರದ ಹತ್ತಿರವೇ ಬಾಡಿಗೆ ಕೋಣೆ ಹಿಡಿದು ಇರಿ ಎಂದು ವೈದ್ಯರು ಹೇಳುತ್ತಾರೆ. ಖರ್ಚು ನೋಡಿ ಕೆಲವರು ಬೇಗ ಊರಿಗೆ ಬಂದುಬಿಡುತ್ತಾರೆ. ಇದು ಸರಿಯಲ್ಲ.

ಊರಿಗೆ ಬಂದಮೇಲೆ ಜ್ವರವೇ ಮುಖ್ಯ ಶತ್ರು. ಥರ್ಮಾಮೀಟರ್ 100.4 ಡಿಗ್ರಿ ತೋರಿಸಿದರೆ ಅದು ತುರ್ತುಸ್ಥಿತಿ. ಮಾತ್ರೆ ನುಂಗಿ ಬೆಳಗಿನವರೆಗೆ ಕಾಯುವ ಹಾಗಿಲ್ಲ. ಕಸಿ ಕೇಂದ್ರಕ್ಕೆ ಫೋನ್ ಮಾಡಬೇಕು; ಸೋಲಾಪುರಕ್ಕೋ ಕಲಬುರಗಿಗೋ ಹೊರಡಲು ಗಾಡಿ ಯಾವುದು, ಜೊತೆಗೆ ಯಾರು ಎಂಬುದು ಮೊದಲೇ ಗೊತ್ತಿರಬೇಕು. ಕೈಯಲ್ಲಿ ಕೇಂದ್ರದ ಪತ್ರ ಇರಲಿ. ಆ ಪತ್ರದಲ್ಲಿ ರಕ್ತದ ಗುಂಪಿನ ವಿಷಯ ಇರುವುದು ಅತಿ ಮುಖ್ಯ. ದಾನಿಯ ಗುಂಪು ಬೇರೆಯಾಗಿದ್ದರೆ ರೋಗಿಯ ಗುಂಪು ನಿಧಾನವಾಗಿ ದಾನಿಯದಕ್ಕೆ ಬದಲಾಗುತ್ತದೆ! ಹಳೆಯ ಕಾರ್ಡ್ ನೋಡಿ ರಕ್ತ ಕೊಟ್ಟರೆ ಅನಾಹುತ. ಕೊಡುವ ರಕ್ತಕ್ಕೆ ವಿಕಿರಣ ಸಂಸ್ಕಾರವೂ ಆಗಿರಬೇಕು.

ನಮ್ಮ ಕಡೆ ತೊಗರಿ ರಾಶಿಯ ಧೂಳು, ದನದ ಕೊಟ್ಟಿಗೆ, ಬೂಷ್ಟು ಹಿಡಿದ ಕಣಜ, ಪಾರಿವಾಳದ ಹಿಕ್ಕೆ ಇವುಗಳಲ್ಲಿ ಶಿಲೀಂಧ್ರ ಇರುತ್ತದೆ. ರೋಗನಿರೋಧಕ ಶಕ್ತಿ ಕುಗ್ಗಿಸುವ ಮಾತ್ರೆ ನುಂಗುತ್ತಿರುವವರಿಗೆ ಅದು ಶ್ವಾಸಕೋಶದ ಪ್ರಾಣಾಂತಿಕ ಸೋಂಕು ತರಬಲ್ಲದು. ಸುಗ್ಗಿಯಲ್ಲಿ ಕಣಕ್ಕೆ ಹೋಗುವುದೇ ಬೇಡ. ಬಿಸಿ ರೊಟ್ಟಿ, ಬೇಯಿಸಿದ ಪಲ್ಯ, ಕುದಿಸಿ ಆರಿಸಿದ ನೀರು ಒಳ್ಳೆಯದು. ಸೈಕ್ಲೋಸ್ಪೊರಿನ್ ಮಾತ್ರೆ ಇದ್ದಾಗ ಚಕ್ಕೋತ ಹಣ್ಣು ಕೂಡದು, ಏಕೆಂದರೆ ಅದು ರಕ್ತದಲ್ಲಿ ಮಾತ್ರೆಯ ಪ್ರಮಾಣ ಏರಿಸುತ್ತದೆ. ಬೇರು ಕಷಾಯಗಳನ್ನೂ ಕೇಳದೆ ಕುಡಿಯಬಾರದು. ಬಿಸಿಲಿಗೆ ಚರ್ಮದ ಜಿವಿಹೆಚ್‌ಡಿ ಕೆರಳುತ್ತದೆ. ತಲೆಗೆ ಟವೆಲ್, ಮೈತುಂಬ ಬಟ್ಟೆ ಬೇಕು. ನೋಡಲು ಬರುವ ಬೀಗರು ಕೆಮ್ಮುತ್ತಿದ್ದರೆ ಬಾಗಿಲಲ್ಲೇ ನಿಲ್ಲಿಸಿ. ಮುನಿಸಿಕೊಂಡರೂ ಚಿಂತೆಯಿಲ್ಲ.

ಬಾಲ್ಯದಲ್ಲಿ ಹಾಕಿಸಿದ ಲಸಿಕೆಗಳ ಫಲ ಕಸಿಯೊಂದಿಗೆ ಬಹುಪಾಲು ಅಳಿಸಿಹೋಗುತ್ತದೆ. ಮೂರರಿಂದ ಆರು ತಿಂಗಳ ನಂತರ ಮತ್ತೆ ಒಂದೊಂದಾಗಿ ಹಾಕಿಸಬೇಕು. ದಡಾರದಂಥ ಜೀವಂತ ಲಸಿಕೆ ಎರಡು ವರ್ಷದವರೆಗೆ ಇಲ್ಲ. ಮನೆಯ ಚಿಕ್ಕ ಮಕ್ಕಳಿಗೆ ಪೋಲಿಯೊ ಹನಿ ಹಾಕಿಸುವ ಮುನ್ನ ಕೇಳಿ. ಅಂಥ ಮನೆಯಲ್ಲಿ ಚುಚ್ಚುಮದ್ದಿನ ಪೋಲಿಯೊ ಲಸಿಕೆಯೇ ಸೂಕ್ತ.

ವರ್ಷಗಳ ನಂತರ ಬರುವ ತೊಂದರೆಗಳೂ ಇವೆ. ಥೈರಾಯ್ಡ್ ಕುಗ್ಗುವುದು, ಕಣ್ಣಿನ ಪೊರೆ, ಮೂಳೆ ಸವೆತ, ಸಂತಾನ ಶಕ್ತಿ ಕುಂದುವುದು. ಮದುವೆಯಾಗದ ಯುವಕರು ಕಸಿಗೆ ಮೊದಲೇ ವೀರ್ಯ ಕಾದಿಡುವ ಬಗ್ಗೆ ನಾಚದೆ ವಿಚಾರಿಸಬೇಕು. ದೀರ್ಘಕಾಲದ ಜಿವಿಹೆಚ್‌ಡಿ ಇದ್ದವರಿಗೆ ಬಾಯಿ ಕ್ಯಾನ್ಸರ್ ಅಪಾಯ ಹೆಚ್ಚು. ಅಂಥವರು ಗುಟ್ಕಾ, ತಂಬಾಕು ಮುಟ್ಟಿದರೆ ಮತ್ತೇನು ಹೇಳುವುದು?

ದಾನಿ ಮತ್ತು ದುಡ್ಡು

ಒಡಹುಟ್ಟಿದ ಒಬ್ಬರು ಪೂರ್ತಿ ಹೊಂದುವ ಸಾಧ್ಯತೆ ನೂರಕ್ಕೆ 25. ಸೋದರಮಾವ, ಅತ್ತೆಯ ಮಗನ ಜೊತೆ ಮದುವೆ ನಡೆವ ನಮ್ಮ ಮನೆತನಗಳಲ್ಲಿ ಥಲಸ್ಸೇಮಿಯಾ ಬರುವ ಸಂಭವವೂ ಹೆಚ್ಚು, ಬಂಧುಗಳಲ್ಲಿ ಹೊಂದುವ ದಾನಿ ಸಿಗುವ ಸಂಭವವೂ ಹೆಚ್ಚು. ಅರ್ಧ ಹೊಂದುವ ತಂದೆ ತಾಯಿಯಿಂದಲೂ ಈಗ ಕಸಿ ಸಾಧ್ಯ. ಕಸಿಯ ನಂತರ ಸೈಕ್ಲೊಫಾಸ್ಫಮೈಡ್ ಔಷಧಿ ಕೊಡುವ ವಿಧಾನ ಈ ದಾರಿ ಸುಗಮಗೊಳಿಸಿತು. ಹೊರಗಿನ ದಾನಿಗಳಿಗಾಗಿ ಚೆನ್ನೈನ ದಾತ್ರಿ, ಬೆಂಗಳೂರಿನ ಡಿಕೆಎಂಎಸ್ ನೋಂದಣಿ ಸಂಸ್ಥೆಗಳಿವೆ. ಕೆನ್ನೆಯ ಒಳಭಾಗದಿಂದ ಹತ್ತಿಯಲ್ಲಿ ಮಾದರಿ ಕೊಟ್ಟರೆ ಸಾಕು.

ಖರ್ಚು ಲಕ್ಷಗಳಲ್ಲಿ. ಥಲಸ್ಸೇಮಿಯಾ ಮಕ್ಕಳಿಗೆ 2017ರಲ್ಲಿ ಆರಂಭವಾದ ಕೋಲ್ ಇಂಡಿಯಾ ಯೋಜನೆ ಆಯ್ದ ಆಸ್ಪತ್ರೆಗಳಲ್ಲಿ 10 ಲಕ್ಷ ರೂಪಾಯಿವರೆಗೆ ನೆರವು ನೀಡುತ್ತ ಬಂದಿದೆ. ಪ್ರಧಾನಮಂತ್ರಿ ಪರಿಹಾರ ನಿಧಿಗೂ ಅರ್ಜಿ ಹಾಕಬಹುದು. ಅರ್ಜಿಗೆ ಆಸ್ಪತ್ರೆಯ ಅಂದಾಜು ಪತ್ರ ಬೇಕು. ಆ ಅಂದಾಜು ಬರೆಸುವಾಗ ಕಸಿಯ ನಂತರದ ಔಷಧಿ, ತಪಾಸಣೆಯ ಖರ್ಚನ್ನೂ ಕೇಳಿ ತಿಳಿದುಕೊಳ್ಳಿ. ಕ್ಯಾನ್ಸರ್ ಮತ್ತು ಥಲಸ್ಸೇಮಿಯಾ ರೋಗಿಗೂ ಜೊತೆಗಾರರೊಬ್ಬರಿಗೂ ರೈಲು ದರದಲ್ಲಿ ರಿಯಾಯಿತಿ ಇದೆ. ಸೋಲಾಪುರ, ಕಲಬುರಗಿ ಎರಡೂ ಕಡೆ ನಿಲ್ಲುವ ಉದ್ಯಾನ್ ಎಕ್ಸ್‌ಪ್ರೆಸ್ ಮುಂಬೈಗೂ ಬೆಂಗಳೂರಿಗೂ ಹೋಗುತ್ತದೆ. ತಪಾಸಣೆಗೆ ಹೋಗುವಾಗ ಆಸ್ಪತ್ರೆಯ ಪ್ರಮಾಣಪತ್ರ ತೋರಿಸಿ ಟಿಕೆಟ್ ಪಡೆಯಿರಿ.