ಸಾಲುಸಾಲಾಗಿ ತಿದ್ದುವ ‘ಸೆಡ್’

ಯೂನಿಕ್ಸ್ ಗಣಕದ ಸೆಟ್ಟಿಂಗ್‌ಗಳು ಬಹುಮಟ್ಟಿಗೆ ಸಾದಾ ಪಠ್ಯದ ಕಡತಗಳಲ್ಲಿರುವುದು ನಿಮಗೆ ಗೊತ್ತು. ಒಂದು ಪದ ಬದಲಿಸಲು ಪ್ರತಿ ಕಡತವನ್ನೂ ತೆರೆದು ಕೂರಬೇಕೆ? ಕೆನ್ ಥಾಂಪ್ಸನ್ ಬರೆದ ‘ಎಡ್’ ಸಂಪಾದಕದಲ್ಲಿ ಹಾಗೆಯೇ ಆಗುತ್ತಿತ್ತು. ಕಡತ ದೊಡ್ಡದಾದರಂತೂ ತ್ರಾಸವೇ ಸರಿ. ಅಮೆರಿಕದ ಬೆಲ್ ಪ್ರಯೋಗಾಲಯದ ಲೀ ಮೆಕ್‌ಮೆಹನ್ 1973-74ರಲ್ಲಿ ‘ಸೆಡ್’ ರಚಿಸಿದರು. ಎಡ್‌ನ ಆದೇಶಗಳನ್ನೇ ಬಹುಪಾಲು ಉಳಿಸಿಕೊಂಡ ಇದು ಸಾಲೊಂದನ್ನು ಓದಿ, ತಿದ್ದಿ, ಹೊರಕ್ಕೆ ಕಳಿಸಿ, ಮುಂದಿನ ಸಾಲಿಗೆ ಹೋಗುತ್ತದೆ. ಮೂಲ ಕಡತ ಹಾಗೆಯೇ ಉಳಿಯುತ್ತದೆ.

ಹಾಗಾದರೆ ಫಲಿತವನ್ನು ‘>’ ಚಿಹ್ನೆಯಿಂದ ಅದೇ ಕಡತಕ್ಕೆ ಹರಿಸಬಹುದಲ್ಲ ಎನ್ನುವಿರಾ? ಬೇಡಿ! ಸೆಡ್ ಓದತೊಡಗುವ ಮೊದಲೇ ಷೆಲ್ ಆ ಕಡತವನ್ನು ಬರಿದು ಮಾಡಿರುತ್ತದೆ. ಅದಕ್ಕೇ ಬೇರೊಂದು ಕಡತಕ್ಕೆ ಬರೆದು, ಮೂಲದೊಡನೆ ಹೋಲಿಸಿ, ಆಮೇಲೆ ಹೆಸರು ಬದಲಿಸುವ ರೂಢಿ ಬಂತು. ಗ್ನೂ ಸೆಡ್‌ನ ‘-ಐ’ ಆಯ್ಕೆಯೂ ಒಳಗೊಳಗೆ ತಾತ್ಕಾಲಿಕ ಕಡತವನ್ನೇ ಬಳಸುತ್ತದೆ. ಹೋಲಿಸಿ ನೋಡುವ ಕೆಲಸ ಮಾತ್ರ ನಿಮ್ಮದೇ.