ಗಾಲ್ಫ್ ಚೆಂಡು: ರಚನೆ, ಹಾರಾಟ ಮತ್ತು ಅಳತೆ

ಗಾಲ್ಫ್ ಚೆಂಡು ರಬ್ಬರ್ ಮತ್ತು ಪ್ಲಾಸ್ಟಿಕ್ ಜಾತಿಯ ಪಾಲಿಮರುಗಳಿಂದ ಮಾಡಿದ, ಮೈತುಂಬ ಸಣ್ಣ ಗುಳಿಗಳಿರುವ ಗಟ್ಟಿ ಗೋಳ. ಅಮೆರಿಕದ ಯುಎಸ್‌ಜಿಎ ಮತ್ತು ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್‌ನಲ್ಲಿರುವ ಆರ್ ಅಂಡ್ ಎ ಸಂಸ್ಥೆಗಳು ಜೊತೆಗೂಡಿ ಮಾಡುವ ನಿಯಮದ ಪ್ರಕಾರ ಅದರ ತೂಕ 45.93 ಗ್ರಾಂ ಮೀರಬಾರದು, ವ್ಯಾಸ 42.67 ಮಿಲಿಮೀಟರಿಗಿಂತ ಕಡಿಮೆ ಇರಬಾರದು. ತೂಕಕ್ಕೆ ಮೇಲ್ಮಿತಿಯನ್ನೂ ಗಾತ್ರಕ್ಕೆ ಕೆಳಮಿತಿಯನ್ನೂ ಇಟ್ಟಿರುವುದಕ್ಕೆ ಕಾರಣವಿದೆ. ಚಿಕ್ಕದಾಗಿದ್ದು ಭಾರವಾಗಿರುವ ಚೆಂಡಿಗೆ ಗಾಳಿಯ ತಡೆ ಕಡಿಮೆ, ಅದು ಹೆಚ್ಚು ದೂರ ಹೋಗುತ್ತದೆ. ಬ್ರಿಟನ್ನಿನಲ್ಲಿ ಬಹುಕಾಲ 41.15 ಮಿಲಿಮೀಟರ್ ವ್ಯಾಸದ ಸಣ್ಣ ಚೆಂಡು ಚಾಲ್ತಿಯಲ್ಲಿತ್ತು. ಎದುರುಗಾಳಿಯಲ್ಲಿ ಆಡುವವರಿಗೆ ಅದು ಅಚ್ಚುಮೆಚ್ಚಾಗಿತ್ತು. ಅಲ್ಲಿನ ಓಪನ್ ಚಾಂಪಿಯನ್‌ಷಿಪ್ ಪಂದ್ಯಾವಳಿ 1974ರಲ್ಲಿ ಅಮೆರಿಕದ ದೊಡ್ಡ ಚೆಂಡನ್ನು ಕಡ್ಡಾಯ ಮಾಡಿತು. 1990ರಲ್ಲಿ ಸಣ್ಣ ಚೆಂಡು ನಿಯಮದಿಂದಲೇ ಹೊರಬಿತ್ತು.

ಹತ್ತೊಂಬತ್ತನೆಯ ಶತಮಾನದ ನಡುವಿನವರೆಗೂ ಸ್ಕಾಟ್ಲೆಂಡಿನಲ್ಲಿ ಆಡುತ್ತಿದ್ದದ್ದು ಗರಿಚೆಂಡು. ಹೊಲಿದ ತೊಗಲಿನ ಚೀಲದೊಳಗೆ ಒದ್ದೆ ಗರಿಗಳನ್ನು ಒತ್ತಿ ತುಂಬಿ, ಒಣಗಿಸಿ, ಬಣ್ಣ ಬಳಿಯುತ್ತಿದ್ದರು. ನುರಿತ ಕುಶಲಕರ್ಮಿಯೂ ದಿನಕ್ಕೆ ಕೆಲವನ್ನಷ್ಟೇ ಮಾಡಬಲ್ಲವನಾಗಿದ್ದ. ಮಳೆಯಲ್ಲಿ ನೆನೆದರೆ ಚೆಂಡು ಕೆಟ್ಟುಹೋಗುತ್ತಿತ್ತು. 1848ರ ಸುಮಾರಿಗೆ ಗಟ್ಟಾಪರ್ಚಾ ಬಂತು. ಮಲಯ ಸೀಮೆಯ ಮರಗಳ ಹಾಲಿನಿಂದ ಸಿಗುವ ಈ ವಸ್ತುವನ್ನು ಬಿಸಿನೀರಿನಲ್ಲಿ ಮೆದುಮಾಡಿ ಅಚ್ಚಿಗೆ ಒತ್ತಿದರೆ ಚೆಂಡು ಸಿದ್ಧ. ಬೆಲೆ ಇಳಿಯಿತು, ಆಟ ಹರಡಿತು. ಸೇಂಟ್ ಆಂಡ್ರೂಸ್‌ನ ಹೆಸರಾಂತ ಗರಿಚೆಂಡು ತಯಾರಕ ಆಲನ್ ರಾಬರ್ಟ್‌ಸನ್ ಮತ್ತು ಅವರ ಬಳಿ ಕೆಲಸಕ್ಕಿದ್ದ ಟಾಮ್ ಮಾರಿಸ್ ಈ ಹೊಸ ಚೆಂಡಿನ ವಿಷಯದಲ್ಲೇ ಮನಸ್ತಾಪಗೊಂಡು ಬೇರೆಯಾದರು.

ಗಟ್ಟಾಪರ್ಚಾ ಚೆಂಡು ಆಟಗಾರರಿಗೆ ಒಂದು ವಿಚಿತ್ರವನ್ನು ತೋರಿಸಿತು. ಹೊಸದಾಗಿ, ನುಣುಪಾಗಿದ್ದಾಗ ಅದು ಬೇಗ ಬಾಗಿ ನೆಲಕ್ಕೆ ಬೀಳುತ್ತಿತ್ತು. ಪೆಟ್ಟು ತಿಂದು ಮೈಮೇಲೆ ಗಾಯಗಳಾದ ಮೇಲೆ ಚೆನ್ನಾಗಿ ಹಾರುತ್ತಿತ್ತು. ಕಾರಣ ಯಾರಿಗೂ ಗೊತ್ತಿರಲಿಲ್ಲ. ಆದರೂ ತಯಾರಕರು ಹೊಸ ಚೆಂಡಿನ ಮೇಲೆ ಸುತ್ತಿಗೆಯಿಂದ ಗೆರೆ ಹೊಡೆಯತೊಡಗಿದರು, ಆಮೇಲೆ ಅಚ್ಚಿನಲ್ಲೇ ಗೆರೆ ಮತ್ತು ಉಬ್ಬುಗಳನ್ನು ಮೂಡಿಸಿದರು. ಇಂದಿನ ಗುಳಿಯ ಮೂಲ ಇಲ್ಲಿದೆ. ಇಂಗ್ಲೆಂಡಿನ ಲೆಸ್ಟರ್‌ನ ವಿಲಿಯಂ ಟೇಲರ್ ಉಬ್ಬನ್ನು ತಿರುವುಹಾಕಿ ತಗ್ಗು ಮಾಡಿ, 1905ರಲ್ಲಿ ಗುಳಿಗಳ ವಿನ್ಯಾಸಕ್ಕೆ ಪೇಟೆಂಟ್ ಅರ್ಜಿ ಹಾಕಿದರು. ಅಷ್ಟರಲ್ಲಿ ಚೆಂಡಿನ ಒಳಗೂ ಬದಲಾಗಿತ್ತು. ಅಮೆರಿಕದ ಕೋಬರ್ನ್ ಹ್ಯಾಸ್ಕೆಲ್, ಗುಡ್‌ರಿಚ್ ಕಂಪನಿಯ ಬರ್ಟ್ರಮ್ ವರ್ಕ್ ಅವರೊಡನೆ ಸೇರಿ, ರಬ್ಬರ್ ನೂಲನ್ನು ಬಿಗಿಯಾಗಿ ಎಳೆದು ಸುತ್ತಿದ ಚೆಂಡಿಗೆ 1899ರಲ್ಲಿ ಪೇಟೆಂಟ್ ಪಡೆದಿದ್ದರು. 1902ರಲ್ಲಿ ಹೊಯ್‌ಲೇಕ್‌ನಲ್ಲಿ ನಡೆದ ಓಪನ್ ಅನ್ನು ಸ್ಯಾಂಡಿ ಹರ್ಡ್ ಈ ಚೆಂಡಿನಿಂದ ಗೆದ್ದ ಮೇಲೆ ಗಟ್ಟಾಪರ್ಚಾ ಕಾಲ ಮುಗಿಯಿತು.

ಚೆಂಡು ಏಕೆ ಅಷ್ಟು ಹೊತ್ತು ಗಾಳಿಯಲ್ಲಿ ನಿಲ್ಲುತ್ತದೆ ಎಂಬುದನ್ನು ಮೊದಲು ಗಂಭೀರವಾಗಿ ಕೆದಕಿದವರು ಎಡಿನ್‌ಬರೊ ವಿಶ್ವವಿದ್ಯಾಲಯದ ಭೌತವಿಜ್ಞಾನಿ ಪೀಟರ್ ಗತ್ರಿ ಟೇಟ್. ಅವರ ಮಗ ಫ್ರೆಡಿ ಟೇಟ್ 1896 ಮತ್ತು 1898ರ ಬ್ರಿಟಿಷ್ ಅಮೆಚೂರ್ ಚಾಂಪಿಯನ್. ತಂದೆಯ ಪ್ರಯೋಗ ಸರಳತೆಯಿಂದಲೇ ಮನಸ್ಸು ಸೆಳೆಯುವಂಥದು. ಉದ್ದನೆಯ, ತಿರುಚಿಲ್ಲದ ಪಟ್ಟಿಯ ಒಂದು ತುದಿಯನ್ನು ಚೆಂಡಿಗೂ ಇನ್ನೊಂದನ್ನು ನೆಲಕ್ಕೂ ಕಟ್ಟಿ, ಒಂದೆರಡು ಗಜ ದೂರದ ಜೇಡಿಮಣ್ಣಿನ ಗೋಡೆಗೆ ಚೆಂಡನ್ನು ಹೊಡೆಸಿದರು. ಪಟ್ಟಿ ಪ್ರತಿ ಸಲವೂ ತಿರುಚಿಕೊಂಡಿತು. ಸುತ್ತುಗಳನ್ನು ಎಣಿಸಿ, ಚೆಂಡು ಸೆಕೆಂಡಿಗೆ 40ರಿಂದ 120 ಬಾರಿ ಹಿಮ್ಮುಖವಾಗಿ ತಿರುಗುತ್ತದೆ ಎಂದು ಟೇಟ್ ಲೆಕ್ಕ ಹಾಕಿದರು. ನಿಮಿಷಕ್ಕೆ ಇದು 2,400ರಿಂದ 7,200 ಸುತ್ತು. ಇಂದು ರೇಡಾರ್ ತೋರಿಸುವ ಸಂಖ್ಯೆಗಳು ಈ ಲೆಕ್ಕದ ಆಸುಪಾಸಿನಲ್ಲೇ ಇವೆ. ಒಂದು ಪಟ್ಟಿ ಮತ್ತು ಜೇಡಿಮಣ್ಣಿನಿಂದ ಇಷ್ಟು ಹತ್ತಿರಕ್ಕೆ ಬಂದದ್ದು ಪ್ರಾಯೋಗಿಕ ವಿಜ್ಞಾನದ ಸೊಗಸಾದ ಸಾಧನೆಗಳಲ್ಲೊಂದು.

ಈ ಹಿಮ್ಮುಖ ತಿರುಗನ್ನು ಬ್ಯಾಕ್‌ಸ್ಪಿನ್ ಎನ್ನುತ್ತಾರೆ. ಚೆಂಡು ಹೊಡೆಯುವ ಕೋಲಾದ ಕ್ಲಬ್ಬಿನ ಮುಖ ಹಿಂದಕ್ಕೆ ವಾಲಿರುವುದರಿಂದ ಅದು ಹುಟ್ಟುತ್ತದೆ. ತಿರುಗುವ ಚೆಂಡಿನ ಮೇಲ್ಭಾಗ ಹಾದುಹೋಗುವ ಗಾಳಿಯ ದಿಕ್ಕಿನಲ್ಲೇ ಸಾಗುತ್ತದೆ, ಕೆಳಭಾಗ ಅದಕ್ಕೆ ಎದುರಾಗಿ ಸಾಗುತ್ತದೆ. ಹಾಗಾಗಿ ಮೇಲಿನ ಗಾಳಿ ಚೆಂಡಿನ ಮೈಗಂಟಿ ಇನ್ನಷ್ಟು ಹಿಂದಿನವರೆಗೆ ಹೋಗುತ್ತದೆ, ಕೆಳಗಿನದು ಬೇಗ ಕಳಚಿಕೊಳ್ಳುತ್ತದೆ. ಒಟ್ಟಿನಲ್ಲಿ ಗಾಳಿ ಕೆಳಮುಖವಾಗಿ ತಳ್ಳಲ್ಪಡುತ್ತದೆ. ಅದರ ಪ್ರತಿಕ್ರಿಯೆಯಾಗಿ ಚೆಂಡು ಮೇಲಕ್ಕೆ ಎತ್ತಲ್ಪಡುತ್ತದೆ. ಹತ್ತೊಂಬತ್ತನೆಯ ಶತಮಾನದ ಜರ್ಮನ್ ವಿಜ್ಞಾನಿ ಹೈನ್ರಿಕ್ ಮಾಗ್ನಸ್ ಹೆಸರಿನಲ್ಲಿ ಇದನ್ನು ಮಾಗ್ನಸ್ ಪರಿಣಾಮ ಎಂದು ಕರೆಯಲಾಗುತ್ತದೆ. ಚೆಂಡು ಅಡ್ಡಕ್ಕೆ ತಿರುಗುವುದಕ್ಕೂ ಇದೇ ಕಾರಣ. ಚೆಂಡಿಗೆ ಬ್ಯಾಕ್‌ಸ್ಪಿನ್ ಒಂದು, ಪಕ್ಕದ ಸ್ಪಿನ್ ಇನ್ನೊಂದು ಎಂದು ಎರಡು ಬೇರೆ ತಿರುಗುಗಳಿಲ್ಲ. ಇರುವುದು ಒಂದೇ ಅಕ್ಷ. ಅದು ಬಲಕ್ಕೆ ವಾಲಿದರೆ ಎತ್ತುವ ಬಲವೂ ಬಲಕ್ಕೆ ವಾಲಿ ಚೆಂಡು ಬಲಕ್ಕೆ ಬಾಗುತ್ತದೆ. ಬಲಗೈ ಆಟಗಾರನಿಗೆ ಅದು ಸ್ಲೈಸ್. ಎಡಕ್ಕೆ ವಾಲಿದರೆ ಹುಕ್.

ಗುಳಿಗಳ ಕೆಲಸ ಇನ್ನೂ ಸೂಕ್ಷ್ಮ. ಚೆಂಡಿನ ಮೈಗೆ ತಾಗಿರುವ ತೆಳುವಾದ ಗಾಳಿಪದರ ನುಣುಪಾದ ಗೋಳದ ಮೇಲೆ ಶಾಂತವಾಗಿ ಹರಿದು, ನಡು ದಾಟುವ ಹೊತ್ತಿಗೇ ಕಳಚಿಬೀಳುತ್ತದೆ. ಅದರಿಂದ ಚೆಂಡಿನ ಬೆನ್ನ ಹಿಂದೆ ಒತ್ತಡ ಕಡಿಮೆಯಿರುವ, ಸುಳಿಗಳಿಂದ ತುಂಬಿದ ಅಗಲವಾದ ಪ್ರದೇಶ ಉಂಟಾಗಿ ಚೆಂಡನ್ನು ಹಿಂದಕ್ಕೆಳೆಯುತ್ತದೆ. ಗುಳಿಗಳು ಆ ಪದರವನ್ನು ಕಲಕಿಬಿಡುತ್ತವೆ. ಕಲಕಿದ ಪದರಕ್ಕೆ ಹೊರಗಿನ ವೇಗದ ಗಾಳಿಯಿಂದ ಶಕ್ತಿ ಸಿಗುತ್ತದೆ. ಅದು ಮೈಗಂಟಿಕೊಂಡೇ ಇನ್ನಷ್ಟು ಹಿಂದಕ್ಕೆ ಹೋಗುತ್ತದೆ, ಸುಳಿಗಳ ಪ್ರದೇಶ ಕಿರಿದಾಗುತ್ತದೆ. ನುಣುಪು ಗೋಳದಲ್ಲಿ 0.5ರಷ್ಟಿರುವ ಎಳೆತದ ಗುಣಾಂಕ ಗುಳಿಗಳಿಂದ ಸುಮಾರು ಅರ್ಧಕ್ಕೆ ಇಳಿಯುತ್ತದೆ. ನುಣುಪು ಗೋಳದಲ್ಲೂ ಈ ಬದಲಾವಣೆ ಆಗುತ್ತದೆ, ಆದರೆ ವೇಗ, ಗಾತ್ರ ಮತ್ತು ಗಾಳಿಯ ಜಿಗುಟನ್ನು ಒಟ್ಟಿಗೆ ಹೇಳುವ ರೆನಾಲ್ಡ್ಸ್ ಸಂಖ್ಯೆ 3 ಲಕ್ಷದ ಸುಮಾರಿಗೆ ಮುಟ್ಟಿದಾಗ ಮಾತ್ರ. ಸೆಕೆಂಡಿಗೆ 75 ಮೀಟರ್ ವೇಗದಲ್ಲಿ ಹೊರಡುವ ಗಾಲ್ಫ್ ಚೆಂಡಿನ ರೆನಾಲ್ಡ್ಸ್ ಸಂಖ್ಯೆ 2 ಲಕ್ಷದಷ್ಟು. ಹಾರುತ್ತಾ ಅದು ಇನ್ನೂ ಇಳಿಯುತ್ತದೆ. ಗುಳಿಗಳು ಆ ಬದಲಾವಣೆಯನ್ನು 50 ಸಾವಿರದ ಆಸುಪಾಸಿಗೇ ತಂದಿಡುವುದರಿಂದ ಬಹುಪಾಲು ಹಾರಾಟದಲ್ಲಿ ಎಳೆತ ಕಡಿಮೆಯಾಗಿಯೇ ಉಳಿಯುತ್ತದೆ. ಗುಳಿಯಿಲ್ಲದ ಚೆಂಡು ಇದೇ ಹೊಡೆತಕ್ಕೆ ಸುಮಾರು ಅರ್ಧ ದೂರ ಹೋಗಿ ಬೀಳುತ್ತದೆ.

ಹೆಚ್ಚಿನ ಚೆಂಡುಗಳಲ್ಲಿ 300ರಿಂದ 450 ಗುಳಿಗಳಿರುತ್ತವೆ. ಆಳ ಕಾಲು ಮಿಲಿಮೀಟರಿನಷ್ಟು. ಸಂಖ್ಯೆಗಿಂತ ಆಳವೂ ಅಂಚಿನ ಆಕಾರವೂ ಮುಖ್ಯ. ಆಳದಲ್ಲಿ ಮಿಲಿಮೀಟರಿನ ನಲವತ್ತನೆಯ ಒಂದು ಭಾಗದಷ್ಟು ವ್ಯತ್ಯಾಸವಾದರೂ ಹಾರಾಟದ ಎತ್ತರ ಬದಲಾಗುತ್ತದೆ, ಆದ್ದರಿಂದ ಮೇಲೆ ಬಳಿಯುವ ಬಣ್ಣದ ದಪ್ಪವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಗುಳಿಗಳನ್ನು ಸಾಮಾನ್ಯವಾಗಿ ಇಪ್ಪತ್ತು ತ್ರಿಕೋನ ಮುಖಗಳ ಘನಾಕೃತಿಯಂಥ ಸಮಮಿತ ಚೌಕಟ್ಟಿಗೆ ಹೊಂದಿಸಿ ಕೂರಿಸುತ್ತಾರೆ. ಸಮಮಿತಿಯನ್ನು ಬೇಕೆಂದೇ ಮುರಿದ ಚೆಂಡೊಂದು 1970ರ ದಶಕದ ಕೊನೆಯಲ್ಲಿ ಬಂತು. ಪೊಲಾರಾ ಎಂಬ ಆ ಚೆಂಡಿನಲ್ಲಿ ನಡುಪಟ್ಟಿಯ ಗುಳಿಗಳು ಆಳ, ಧ್ರುವಗಳ ಗುಳಿಗಳು ಆಳವಿಲ್ಲದವು. ಸರಿಯಾದ ಮುಖ ಮಾಡಿ ಇಟ್ಟು ಹೊಡೆದರೆ ಅದು ಸ್ಲೈಸ್ ಮತ್ತು ಹುಕ್ ಎರಡನ್ನೂ ತಾನೇ ತಿದ್ದಿಕೊಳ್ಳುತ್ತಿತ್ತು. ಆಟಗಾರನ ಕೈಯಲ್ಲಿರಬೇಕಾದ ಕೌಶಲವನ್ನು ಚೆಂಡಿಗೆ ಒಪ್ಪಿಸಿದಂತಾಯಿತೆಂದು 1981ರಲ್ಲಿ ಸಮಮಿತಿಯ ನಿಯಮ ಬಂತು. ಅದು ನ್ಯಾಯವಾದ ನಿಯಮವೇ.

ಒಳರಚನೆಯ ಚರಿತ್ರೆ ಪಾಲಿಮರುಗಳ ಚರಿತ್ರೆ. ನೂಲು ಸುತ್ತಿದ ಚೆಂಡಿನ ಮೇಲೆ ಬಲಾಟಾ ಎಂಬ ಮೃದುವಾದ ಸಿಪ್ಪೆ ಇರುತ್ತಿತ್ತು. ಕುಳಿಯ ಸುತ್ತಲಿನ ನುಣುಪು ಹುಲ್ಲುಹಾಸಾದ ಗ್ರೀನಿನ ಮೇಲೆ ಚೆಂಡನ್ನು ನಿಲ್ಲಿಸಲು ಹೇಳಿಮಾಡಿಸಿದ್ದು, ಆದರೆ ಒಂದು ತಪ್ಪು ಹೊಡೆತಕ್ಕೆ ಸೀಳಿಹೋಗುವಂಥದ್ದು. 1960ರ ದಶಕದಲ್ಲಿ ಡುಪಾಂಟ್ ಕಂಪನಿಯ ಸರ್ಲಿನ್ ಎಂಬ ಗಟ್ಟಿ ಅಯೊನೊಮರ್ ಬಂತು. ಪಾಲಿಬ್ಯೂಟಡೈಯೀನ್ ರಬ್ಬರನ್ನು ಜಿಂಕ್ ಡೈಅಕ್ರಿಲೇಟ್ ಬೆರೆಸಿ ಹದಗೊಳಿಸಿದ ಘನ ತಿರುಳಿನ ಮೇಲೆ ಸರ್ಲಿನ್ ಹೊದಿಸಿದ ಎರಡು ಪದರದ ಚೆಂಡು ದೂರ ಹೋಗುತ್ತಿತ್ತು, ಬಾಳಿಕೆಯೂ ಬರುತ್ತಿತ್ತು. ಆದರೆ ಸಣ್ಣ ಹೊಡೆತಕ್ಕೆ ಸ್ಪಿನ್ ಸಾಲುತ್ತಿರಲಿಲ್ಲ. ಎರಡೂ ಗುಣಗಳನ್ನು ಒಂದೇ ಚೆಂಡಿನಲ್ಲಿ ತಂದದ್ದು ಪದರಗಳ ಹೊಂದಾಣಿಕೆ. ಅತಿ ದೂರಕ್ಕೆ ಹೊಡೆಯುವ ಕ್ಲಬ್ಬಾದ ಡ್ರೈವರಿನ ಹೊಡೆತದಲ್ಲಿ ಕ್ಲಬ್ಬೂ ಚೆಂಡೂ ತಾಗಿರುವುದು ಅರ್ಧ ಮಿಲಿಸೆಕೆಂಡು ಮಾತ್ರ. ಆ ಕ್ಷಣದಲ್ಲಿ ಸರಾಸರಿ ಸುಮಾರು 7,000 ನ್ಯೂಟನ್ನಿನ ಬಲಕ್ಕೆ ಸಿಕ್ಕಿ ಚೆಂಡು ತಿರುಳಿನವರೆಗೂ ಅಮುಕಿಹೋಗುತ್ತದೆ; ತಿರುಳು ಮೃದು, ಹೊರಭಾಗ ಗಟ್ಟಿ ಇದ್ದರೆ ಸ್ಪಿನ್ ಕಡಿಮೆಯಾಗುತ್ತದೆ. ಸಣ್ಣ ಹೊಡೆತಕ್ಕೆ ಬಳಸುವ ವೆಜ್ ಎಂಬ ಕ್ಲಬ್ಬಿನ ಹೊಡೆತದಲ್ಲಿ ತಿರುಳಿಗೆ ಕೆಲಸ ಕಡಿಮೆ. ತೆಳುವಾದ ಯೂರಿಥೇನ್ ಸಿಪ್ಪೆ ಅದರ ಕೆಳಗಿನ ಗಟ್ಟಿ ಪದರಕ್ಕೂ ಕ್ಲಬ್ಬಿನ ಗೀರುಗಳಿಗೂ ನಡುವೆ ಸಿಕ್ಕಿ ಬಿಗಿಹಿಡಿತ ಕೊಡುತ್ತದೆ. ಹೀಗೆ ಒಂದೇ ಚೆಂಡು ಡ್ರೈವರಿಗೆ ನಿಮಿಷಕ್ಕೆ 2,500ರ ಸುಮಾರು, ವೆಜ್ಜಿಗೆ 9,000ಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. 2000ದ ಅಕ್ಟೋಬರಿನಲ್ಲಿ ಲಾಸ್ ವೇಗಸ್‌ನ ಪಂದ್ಯದಲ್ಲಿ ಮೊದಲು ಕಾಣಿಸಿಕೊಂಡ ಟೈಟ್ಲಿಸ್ಟ್ ಪ್ರೊ ವಿ1 ಈ ಬಗೆಯದು. ಕೆಲವೇ ವರ್ಷಗಳಲ್ಲಿ ನೂಲು ಸುತ್ತಿದ ಚೆಂಡು ವೃತ್ತಿಪರ ಆಟದಿಂದ ಮರೆಯಾಯಿತು.

ಚೆಂಡನ್ನು ರೂಪಿಸಲು ಹಾರಾಟವನ್ನೂ ಹೊಡೆತವನ್ನೂ ಅಳೆಯುವ ಸಾಧನಗಳು ಬೇಕಾದವು. 1930ರ ದಶಕದಲ್ಲಿ ಎಂಐಟಿಯ ಹೆರಾಲ್ಡ್ ಎಡ್ಗರ್ಟನ್ ಮಿನುಗುದೀಪದಿಂದ ತೆಗೆದ ಚಿತ್ರಗಳು, ಬಾಬಿ ಜೋನ್ಸ್ ಅವರಂಥ ಆಟಗಾರರ ಸ್ವಿಂಗನ್ನು, ಅಂದರೆ ಕ್ಲಬ್ ಬೀಸುವ ರೀತಿಯನ್ನು, ಒಂದೇ ಹಾಳೆಯ ಮೇಲೆ ಹಂತಹಂತವಾಗಿ ಬಿಡಿಸಿ ತೋರಿಸಿದವು. 1949ರಲ್ಲಿ ಗುಡ್‌ರಿಚ್‌ನ ಜಾನ್ ಡೇವಿಸ್, ತಿರುಗುತ್ತಿರುವ ಚೆಂಡುಗಳನ್ನು ಗಾಳಿಸುರಂಗದೊಳಕ್ಕೆ ಬೀಳಿಸಿ, ಬಿದ್ದ ಜಾಗದಿಂದ ಎಳೆತವನ್ನೂ ಎತ್ತುವ ಬಲವನ್ನೂ ಲೆಕ್ಕ ಹಾಕಿದರು. ಪ್ರತಿ ಸಲ ಒಂದೇ ರೀತಿ ಹೊಡೆಯುವ ಯಂತ್ರವೂ ಬಂತು. ಆಟಗಾರ ಬೈರನ್ ನೆಲ್ಸನ್ ಅವರ ಸ್ವಿಂಗಿನ ಮಾದರಿಯಲ್ಲಿ 1960ರ ದಶಕದಲ್ಲಿ ಮಾಡಿದ ಅದಕ್ಕೆ ಐರನ್ ಬೈರನ್ ಎಂದೇ ಹೆಸರು. 1968ರಲ್ಲಿ ಬ್ರಿಟನ್ನಿನ ಕಾಕ್ರನ್ ಮತ್ತು ಸ್ಟಾಬ್ಸ್ ತಮ್ಮ ಗ್ರಂಥದಲ್ಲಿ ಸ್ವಿಂಗನ್ನು ಒಂದಕ್ಕೊಂದು ಕೀಲಿಸಿದ ಎರಡು ಲೋಲಕಗಳಾಗಿ ವಿವರಿಸಿದರು: ಭುಜ ಮತ್ತು ತೋಳುಗಳದು ಒಂದು, ಮಣಿಕಟ್ಟಿನಿಂದ ಕೆಳಗೆ ಕ್ಲಬ್ಬಿನದು ಇನ್ನೊಂದು.

ಇಂದು ಹಾರಾಟವನ್ನು ಅಳೆಯಲು ಇರುವ ಉಪಕರಣ ಲಾಂಚ್ ಮಾನಿಟರ್. ಅದರಲ್ಲಿ ಎರಡು ಬಗೆ. ಡಾಪ್ಲರ್ ರೇಡಾರ್ ಬಗೆಯದನ್ನು ಆಟಗಾರನ ಹಿಂದೆ ಇಡುತ್ತಾರೆ. ಅದು ಸೂಕ್ಷ್ಮತರಂಗ ಕಳುಹಿಸಿ, ಚೆಂಡಿನಿಂದ ಮರಳುವ ತರಂಗದ ಆವರ್ತನದಲ್ಲಾದ ವ್ಯತ್ಯಾಸದಿಂದ ವೇಗವನ್ನು ಕಂಡುಕೊಳ್ಳುತ್ತದೆ. 24 ಗಿಗಾಹರ್ಟ್ಸ್ ರೇಡಾರಿನಲ್ಲಿ ಸೆಕೆಂಡಿಗೆ 75 ಮೀಟರ್ ವೇಗಕ್ಕೆ ಈ ವ್ಯತ್ಯಾಸ ಸುಮಾರು 12,000 ಹರ್ಟ್ಸ್. ಒಂದಕ್ಕಿಂತ ಹೆಚ್ಚು ಆಂಟೆನಾಗಳಿಗೆ ತರಂಗ ತಲಪುವ ಹಂತದ ಅಂತರದಿಂದ ದಿಕ್ಕು ತಿಳಿಯುತ್ತದೆ. ಚೆಂಡು ತಿರುಗುವಾಗ ಮರಳುವ ತರಂಗದಲ್ಲಿ ಲಯಬದ್ಧವಾದ ಏರಿಳಿತ ಮೂಡುವುದರಿಂದ ಸ್ಪಿನ್ನನ್ನೂ ಓದಬಹುದು. 2003ರಲ್ಲಿ ಡೆನ್ಮಾರ್ಕಿನಲ್ಲಿ ಆರಂಭವಾದ ಟ್ರ್ಯಾಕ್‌ಮನ್ ಮತ್ತು ದಕ್ಷಿಣ ಆಫ್ರಿಕಾ ಮೂಲದ ಫ್ಲೈಟ್‌ಸ್ಕೋಪ್ ಈ ಬಗೆಯಲ್ಲಿ ಹೆಸರಾದವು. ಎರಡರ ಹಿಂದೆಯೂ ಸೇನೆಯ ರೇಡಾರ್ ತಂತ್ರಜ್ಞಾನದ ಅನುಭವವಿದೆ. ಇನ್ನೊಂದು ಬಗೆ ಕ್ಯಾಮೆರಾದ್ದು. ಫೋರ್‌ಸೈಟ್ ಕಂಪನಿಯ ಜಿಸಿಕ್ವಾಡ್ ನಾಲ್ಕು ಕ್ಯಾಮೆರಾಗಳಿಂದ, ಚೆಂಡು ಕ್ಲಬ್ಬನ್ನು ಬಿಟ್ಟ ಮೊದಲ ಕ್ಷಣಗಳ ಚಿತ್ರ ತೆಗೆದು, ಮೈಮೇಲಿನ ಗುರುತುಗಳು ಸರಿದ ರೀತಿಯಿಂದ ಸ್ಪಿನ್ ಮತ್ತು ಅಕ್ಷವನ್ನು ಅಳೆಯುತ್ತದೆ. ಮುಂದಿನ ಹಾರಾಟವೆಲ್ಲ ಲೆಕ್ಕಾಚಾರದ್ದು.

ಬಯಲಿನಲ್ಲಿ ರೇಡಾರ್ ಮೇಲು, ಏಕೆಂದರೆ ಅದು ಚೆಂಡು ಬೀಳುವವರೆಗೂ ಕಾಣುತ್ತದೆ, ಬೀಸುವ ಗಾಳಿಯ ಪರಿಣಾಮವೂ ಅದರ ಅಳತೆಯಲ್ಲಿ ಸೇರುತ್ತದೆ. ಒಳಾಂಗಣದಲ್ಲಿ ಚೆಂಡು ಕೆಲವೇ ಮೀಟರಿನಲ್ಲಿ ಪರದೆಗೆ ಬಡಿಯುವುದರಿಂದ ಸ್ಪಿನ್ ಓದಲು ಅದಕ್ಕೆ ಸಮಯ ಸಾಲದು. ಅದಕ್ಕಾಗಿ ಚೆಂಡಿಗೆ ಲೋಹದ ಚುಕ್ಕೆ ಅಂಟಿಸುತ್ತಾರೆ, ಇಲ್ಲವೇ ರೇಡಾರಿಗೆ ಸುಲಭವಾಗಿ ಕಾಣುವ ಗುರುತನ್ನು ಒಳಗೇ ಇಟ್ಟ ಚೆಂಡನ್ನು ಬಳಸುತ್ತಾರೆ. ಅಂಥ ಜಾಗದಲ್ಲಿ ಕ್ಯಾಮೆರಾಕ್ಕೇ ಹೆಚ್ಚು ಅನುಕೂಲ.

ಈ ಅಳತೆಗಳು ಕಲಿಸುವವರ ಒಂದು ಹಳೆಯ ನಂಬಿಕೆಯನ್ನು ತಿದ್ದಿದವು. ಕ್ಲಬ್ ಸಾಗುವ ದಾರಿಯಲ್ಲಿ ಚೆಂಡು ಹೊರಟು, ಆಮೇಲೆ ಕ್ಲಬ್ಬಿನ ಮುಖ ನೋಡುತ್ತಿದ್ದ ಕಡೆಗೆ ಬಾಗುತ್ತದೆ ಎಂದು ಹೇಳಿಕೊಡುತ್ತಿದ್ದರು. ವಾಸ್ತವದಲ್ಲಿ ಹೊರಡುವ ದಿಕ್ಕನ್ನು ಬಹುಪಾಲು ತೀರ್ಮಾನಿಸುವುದು ಮುಖವೇ. ಮುಖ ಮತ್ತು ದಾರಿಯ ನಡುವಿನ ಕೋನ ಬಾಗನ್ನು ತೀರ್ಮಾನಿಸುತ್ತದೆ. ಭೌತವಿಜ್ಞಾನಿ ಥಿಯೊಡೋರ್ ಯಾರ್ಗೆನ್ಸನ್ 1994ರ ತಮ್ಮ ಪುಸ್ತಕದಲ್ಲಿ ಇದನ್ನು ವಿವರಿಸಿದ್ದರು. ಲಾಂಚ್ ಮಾನಿಟರ್ ಬಂದ ಮೇಲೆ ಅದು ಅಭ್ಯಾಸದ ಅಂಗಳಕ್ಕೂ ಇಳಿಯಿತು. ಸ್ವಿಂಗನ್ನು ಅಳೆಯುವ ಸಾಧನಗಳು ಬೇರೆ: ಕ್ಲಬ್ಬಿಗೋ ಮೈಗೋ ಕಟ್ಟುವ ಜೈರೊಸ್ಕೋಪ್ ಮತ್ತು ಆಕ್ಸಿಲರೋಮೀಟರ್ ಸಂವೇದಕಗಳು, ಪ್ರತಿಫಲಿಸುವ ಗುರುತುಗಳನ್ನು ಸುತ್ತಲಿನ ಕ್ಯಾಮೆರಾಗಳಿಂದ ಹಿಂಬಾಲಿಸುವ ವ್ಯವಸ್ಥೆ, ಪಾದಗಳ ಒತ್ತಡ ಅಳೆಯುವ ಫಲಕ. ಒಳ್ಳೆಯ ಆಟಗಾರರಲ್ಲಿ ಸೊಂಟ, ಎದೆಭಾಗ, ತೋಳು, ಕ್ಲಬ್ ಇದೇ ಕ್ರಮದಲ್ಲಿ ಗರಿಷ್ಠ ವೇಗ ಮುಟ್ಟುತ್ತವೆ ಎಂಬುದು ಇವುಗಳಿಂದ ಸ್ಪಷ್ಟವಾಗಿದೆ.

ಅಳತೆಯ ಅಂಕಿಗಳನ್ನು ಓದುವಾಗ ಊರಿನ ಎತ್ತರವನ್ನೂ ನೋಡಬೇಕು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲಿದೆ. ಅಲ್ಲಿನ ಗಾಳಿಯ ಸಾಂದ್ರತೆ ಕರಾವಳಿಗಿಂತ ಶೇ 8ರಷ್ಟು ಕಡಿಮೆ. ಎಳೆತವೂ ಎತ್ತುವ ಬಲವೂ ಎರಡೂ ಇಳಿಯುತ್ತವೆ, ಆದರೆ ಎಳೆತ ಇಳಿದ ಲಾಭವೇ ಹೆಚ್ಚು. ಹಾಗಾಗಿ ಅದೇ ಹೊಡೆತ ಮಂಗಳೂರಿಗಿಂತ ಬೆಂಗಳೂರಿನಲ್ಲಿ ಶೇ 3–4ರಷ್ಟು ದೂರ ಹೆಚ್ಚು ಹೋಗುತ್ತದೆ, ಬಾಗುವುದು ಸ್ವಲ್ಪ ಕಡಿಮೆ.

ನಿಯಮಗಳೂ ಅಳತೆಯ ಮೇಲೆಯೇ ನಿಂತಿವೆ. ಪರೀಕ್ಷಾಯಂತ್ರದಲ್ಲಿ ಚೆಂಡಿನ ಆರಂಭಿಕ ವೇಗ ಸೆಕೆಂಡಿಗೆ 76.2 ಮೀಟರನ್ನು, ಶೇ 2ರ ವಿನಾಯಿತಿ ಬಿಟ್ಟು, ಮೀರಬಾರದು. 1976ರಲ್ಲಿ ಒಟ್ಟು ದೂರದ ಮಿತಿಯೂ ಬಂತು. 2004ರಿಂದ ಗಂಟೆಗೆ 120 ಮೈಲಿ ವೇಗದ ಕ್ಲಬ್ಬಿನಿಂದ ಹೊಡೆದಾಗ ಚೆಂಡು 317 ಗಜ, ಮೂರು ಗಜದ ವಿನಾಯಿತಿ ಸೇರಿಸಿದರೆ 320 ಗಜ, ದಾಟುವಂತಿಲ್ಲ. ಆದರೆ ವೃತ್ತಿಪರರಲ್ಲಿ ಕೆಲವರ ಕ್ಲಬ್ ವೇಗ ಈ ಪರೀಕ್ಷೆಯ ವೇಗವನ್ನೇ ದಾಟಿತು. ಮೈದಾನಗಳನ್ನು ಉದ್ದ ಮಾಡುತ್ತಾ ಹೋಗಬೇಕಾಯಿತು, ಅದಕ್ಕೆ ಭೂಮಿಯೂ ನೀರೂ ಬೇಕು. ಯುಎಸ್‌ಜಿಎ ಮತ್ತು ಆರ್ ಅಂಡ್ ಎ 2023ರ ಡಿಸೆಂಬರಿನಲ್ಲಿ ದೂರದ ಮಿತಿಯನ್ನು ಹಾಗೆಯೇ ಉಳಿಸಿ ಪರೀಕ್ಷೆಯನ್ನು ಬಿಗಿಗೊಳಿಸುವ ನಿರ್ಧಾರ ಪ್ರಕಟಿಸಿದವು: ಕ್ಲಬ್ ವೇಗ ಗಂಟೆಗೆ 125 ಮೈಲಿ, ಚೆಂಡು ಹೊರಡುವ ಕೋನ 11 ಡಿಗ್ರಿ, ಸ್ಪಿನ್ ನಿಮಿಷಕ್ಕೆ 2,220 ಸುತ್ತು. ಇದರಿಂದ ಅತಿ ದೂರ ಹೊಡೆಯುವವರಿಗೆ 13–15 ಗಜ, ಹವ್ಯಾಸಿಗಳಿಗೆ ಹೆಚ್ಚೆಂದರೆ 5 ಗಜ ಕಡಿಮೆಯಾಗಬಹುದೆಂದು ಆ ಸಂಸ್ಥೆಗಳು ಅಂದಾಜಿಸಿವೆ.