ಕನ್ಸ್ಯೂಮರ್ ಕೋರ್ಟಿನ ಬಾಗಿಲಿಗೆ ಅಡ್ಡ ನಿಂತಿದ್ದ ಟೆಲಿಗ್ರಾಫ್ ಕಾನೂನು

"ಹಲೋ... ಕೇಳಿಸ್ತಿದೆಯಾ? ಹಲೋ?" ದಿನಕ್ಕೆ ಎಷ್ಟು ಸಲ ಹೀಗೆ ಕೂಗ್ತೀವಿ ನಾವು! ಟವರ್ ಸಿಗಲ್ಲ, ವಿಡಿಯೋ ಸುತ್ತುತ್ತಲೇ ಇರುತ್ತೆ, ಕಸ್ಟಮರ್ ಕೇರ್‌ಗೆ ಫೋನ್ ಮಾಡಿದ್ರೆ ಒಂದು ಒತ್ತಿ, ಎರಡು ಒತ್ತಿ. ಕೊನೆಗೆ ಸಿಟ್ಟು ಬಂದು "ಕನ್ಸ್ಯೂಮರ್ ಕೋರ್ಟಿಗೆ ಹೋಗ್ತೀನಿ ನೋಡಿ" ಅಂತೀವಿ. ಇವತ್ತಿನ ಕಥೆ ಈ ಬೆದರಿಕೆಯದ್ದೇ. ಯಾಕಂದ್ರೆ 2009ರಿಂದ 2022ರವರೆಗೆ ಕಂಪನಿಗಳು ಇದಕ್ಕೆ ಅಷ್ಟೇನೂ ಹೆದರಬೇಕಾಗಿರಲಿಲ್ಲ.

ಮೂಲ ಹುಡುಕ್ತಾ ಹೋದ್ರೆ 1885ಕ್ಕೆ ಹೋಗಬೇಕು. ಬ್ರಿಟಿಷರು ಭಾರತೀಯ ಟೆಲಿಗ್ರಾಫ್ ಕಾಯ್ದೆ ತಂದ ವರ್ಷ ಅದು. ಆಗ ನಮ್ಮಲ್ಲಿ ಟೆಲಿಫೋನ್ ಎಕ್ಸ್‌ಚೇಂಜ್ ಶುರುವಾಗಿ ಮೂರೇ ವರ್ಷ. ಸ್ವಾತಂತ್ರ್ಯ ಬಂದ ಮೇಲೆ, 1957ರಲ್ಲಿ, ಈ ಕಾಯ್ದೆಗೆ 7ಬಿ ಅನ್ನೋ ಸೆಕ್ಷನ್ ಸೇರಿತು. ಫೋನ್ ಲೈನಿನ ಬಗ್ಗೆ ಗ್ರಾಹಕನಿಗೂ ಟೆಲಿಗ್ರಾಫ್ ಪ್ರಾಧಿಕಾರಕ್ಕೂ ಜಗಳ ಬಂದರೆ ಕೇಂದ್ರ ಸರ್ಕಾರ ನೇಮಿಸಿದ ಮಧ್ಯಸ್ಥಗಾರ ತೀರ್ಮಾನ ಮಾಡ್ತಾನೆ, ಅವನ ಮಾತೇ ಕೊನೆ, ಕೋರ್ಟಿನಲ್ಲಿ ಪ್ರಶ್ನಿಸುವಂತಿಲ್ಲ. ಫೋನ್ ಕೊಡೋದು ಸರ್ಕಾರ, ಜಗಳ ಬಿಡಿಸೋನೂ ಸರ್ಕಾರದವನು. ಕನೆಕ್ಷನ್‌ಗೆ ಅರ್ಜಿ ಹಾಕಿ ವರ್ಷಗಟ್ಟಲೆ ಕಾಯ್ತಿದ್ದ ಕಾಲ ಅದು, ಯಾರೂ ಹೆಚ್ಚು ತಕರಾರು ಮಾಡಲಿಲ್ಲ.

1986ರಲ್ಲಿ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂತು. ದುಡ್ಡು ಕೊಟ್ಟು ಸೇವೆ ತಗೊಂಡವರು ಜಿಲ್ಲಾ ವೇದಿಕೆಗೆ ಹೋಗಿ ದೂರಬಹುದು. ಫೋನ್ ಗ್ರಾಹಕರೂ ಹೋದರು. ಕೇರಳದ ಕೋಯಿಕ್ಕೋಡಿನಲ್ಲಿ ಬಿಲ್ ಜಗಳಕ್ಕೆ ಒಬ್ಬರ ಲೈನ್ ಕಟ್ ಆಗಿತ್ತು. ಮತ್ತೆ ಕನೆಕ್ಷನ್ ಕೊಡಿ, 5,000 ರೂಪಾಯಿ ಪರಿಹಾರ ಕೊಡಿ ಅಂತ ಅಲ್ಲಿನ ವೇದಿಕೆ ಹೇಳಿತು. ಟೆಲಿಕಾಂ ಇಲಾಖೆ ಬಿಡಲಿಲ್ಲ, ಕೇಸು ಸುಪ್ರೀಂ ಕೋರ್ಟಿಗೆ ಹೋಯ್ತು. 2009ರ ಸೆಪ್ಟೆಂಬರ್‌ನಲ್ಲಿ ತೀರ್ಪು: 7ಬಿ ವಿಶೇಷ ಕಾನೂನು, ಹಾಗಾಗಿ ಗ್ರಾಹಕ ವೇದಿಕೆ ಇಂಥ ಕೇಸು ಕೇಳುವಂತಿಲ್ಲ.

ಆಗ ದೇಶದ ತುಂಬಾ ಮೊಬೈಲ್ ಬಂದಾಗಿತ್ತು, ಅದೂ ಖಾಸಗಿ ಕಂಪನಿಗಳ ಮೊಬೈಲ್. ಅವರ ವಕೀಲರಿಗೆ ರೆಡಿಮೇಡ್ ಉತ್ತರ ಸಿಕ್ಕಿತು.

ಈಗ ಅಹಮದಾಬಾದಿಗೆ ಬನ್ನಿ. ಅಲ್ಲೊಬ್ಬ ಪೋಸ್ಟ್‌ಪೇಯ್ಡ್ ಗ್ರಾಹಕರಿಗೆ ತಿಂಗಳಿಗೆ ಸರಾಸರಿ 555 ರೂಪಾಯಿ ಬಿಲ್ ಬರ್ತಿತ್ತಂತೆ. 2013ರ ನವೆಂಬರ್-ಡಿಸೆಂಬರ್‌ನ ಒಂದೇ ತಿಂಗಳಿಗೆ ಬಂದಿದ್ದು 24,609 ರೂಪಾಯಿ! 2014ರಲ್ಲಿ ಜಿಲ್ಲಾ ವೇದಿಕೆಗೆ ಹೋದರು. ಕಂಪನಿ ಹೇಳಿದ್ದು ಒಂದೇ: ಟೆಲಿಗ್ರಾಫ್ ಕಾಯ್ದೆ ಇದೆ, ನೀವು ಈ ಕೇಸು ಕೇಳೋ ಹಾಗಿಲ್ಲ. ಇಲ್ಲೊಂದು ತಮಾಷೆ ನೋಡಿ. ನಮ್ಮ ದೇಶದ ಟೆಲಿಗ್ರಾಂ ಸೇವೆ ನಿಂತಿದ್ದು 2013ರ ಜುಲೈನಲ್ಲಿ. ಟೆಲಿಗ್ರಾಂ ಸತ್ತು ನಾಲ್ಕು ತಿಂಗಳ ನಂತರದ ಮೊಬೈಲ್ ಬಿಲ್‌ಗೆ ಟೆಲಿಗ್ರಾಫ್ ಕಾನೂನು ಅಡ್ಡ!

ಜಿಲ್ಲೆಯಿಂದ ರಾಜ್ಯ ಆಯೋಗ, ಅಲ್ಲಿಂದ ರಾಷ್ಟ್ರೀಯ ಆಯೋಗ, ಅಲ್ಲಿಂದ ಸುಪ್ರೀಂ ಕೋರ್ಟ್. 2022ರ ಫೆಬ್ರವರಿ 16ರಂದು ಮೂವರು ನ್ಯಾಯಮೂರ್ತಿಗಳ ಪೀಠ ಹೇಳಿತು: ಮಧ್ಯಸ್ಥಿಕೆ ಇದ್ದರೂ ಗ್ರಾಹಕ ವೇದಿಕೆಯ ಬಾಗಿಲು ಮುಚ್ಚಲ್ಲ, ಎಲ್ಲಿಗೆ ಹೋಗಬೇಕು ಅನ್ನೋದು ಗ್ರಾಹಕನ ಆಯ್ಕೆ. ಗಮನಿಸಿ, ಬಿಲ್ ಸರಿಯೋ ತಪ್ಪೋ ಅನ್ನೋದಲ್ಲ ಇದು. ಕೇಸನ್ನು ಕೇಳಬಹುದಾ ಅನ್ನೋದಕ್ಕೇ ಎಂಟು ವರ್ಷ ಹೋಯ್ತು!

ಈ ಮಧ್ಯೆ ಟ್ರಾಯ್ ಇನ್ನೊಂದು ದಾರಿ ನೋಡಿತ್ತು. 2016ರ ಜನವರಿ 1ರಿಂದ ಪ್ರತಿ ಕಾಲ್ ಡ್ರಾಪ್‌ಗೆ ಗ್ರಾಹಕನಿಗೆ ಒಂದು ರೂಪಾಯಿ, ದಿನಕ್ಕೆ ಹೆಚ್ಚೆಂದರೆ ಮೂರು. ಕಂಪನಿಗಳು ಅದಕ್ಕೂ ಕೋರ್ಟಿಗೆ ಹೋದವು. ದೆಹಲಿ ಹೈಕೋರ್ಟ್ ನಿಯಮವನ್ನು ಎತ್ತಿಹಿಡಿಯಿತು, ಆದರೆ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ತಪ್ಪು ಯಾರದ್ದು ಅಂತ ನೋಡದೇ ದಂಡ ಹಾಕೋದು ಮನಸ್ಸಿಗೆ ಬಂದ ಹಾಗೆ ಮಾಡಿದಂತೆ ಅನ್ನೋದು ಕೋರ್ಟಿನ ಒಂದು ಕಾರಣ. ಅದರಲ್ಲಿ ನ್ಯಾಯ ಇಲ್ಲ ಅಂತ ನಾನು ಹೇಳಲ್ಲ. ಆದ್ರೂ ಮೂರು ರೂಪಾಯಿಗೆ ಅಷ್ಟು ದೊಡ್ಡ ಜಗಳ ನೋಡಿ ನಗು ಬರುತ್ತೆ.

2019ರ ಹೊಸ ಗ್ರಾಹಕ ಕಾಯ್ದೆಯಲ್ಲಿ 'ಸೇವೆ' ಅನ್ನೋದರ ವ್ಯಾಖ್ಯೆಗೆ ಟೆಲಿಕಾಂ ಪದವನ್ನೇ ಸೇರಿಸಿದ್ದಾರೆ. ಟೆಲಿಗ್ರಾಫ್ ಕಾಯ್ದೆಯ ಜಾಗಕ್ಕೆ ಬರಲು 2023ರ ಡಿಸೆಂಬರ್‌ನಲ್ಲಿ ಸಂಸತ್ತು ಹೊಸ ದೂರಸಂಪರ್ಕ ಕಾಯ್ದೆಯನ್ನೂ ಪಾಸು ಮಾಡಿದೆ. ದೂರು ಕೊಡೋದಿದ್ರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ನಂಬರ್ 1915. ಕಾಲ್ ಹೋಗೋಕೆ ನೆಟ್‌ವರ್ಕ್ ಇರಬೇಕು, ಅಷ್ಟೇ.